ಕಣ್ಣಿನ ಮೇಲಣ ಕನ್ನಡಕ: ಕಾಂಟ್ಯಾಕ್ಟ್ ಲೆನ್ಸನ್ನು ಆರಿಸಿಕೊಳ್ಳುವ ಬಗೆ

ಕನ್ನಡಕವು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಶ್ಯಾನುಭೋಗರ ಮೂಗಿನ ಮೇಲೆ, ಮೇಷ್ಟರ ಮೂಗಿನ ಮೇಲೆ, ಚಾಳೀಸು ಬಂದ ಅಜ್ಜಂದಿರ ಮೂಗಿನ ಮೇಲೆ ಅದನ್ನು ಕಂಡು ನಮಗೆಲ್ಲರಿಗೂ ರೂಢಿಯಾಗಿದೆ. ಆದರೆ ಈಚಿನ ವರ್ಷಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮನೆಗಳಲ್ಲಿ ಬೇರೊಂದು ಬೇಡಿಕೆ ಹುಟ್ಟಿಕೊಂಡಿದೆ. ಹುಣಸೂರಿಗೋ ಮೈಸೂರಿಗೋ ಕಾಲೇಜಿಗೆ ಹೋಗಿ ಬರುವ ಮಗಳು, "ಅಪ್ಪಾ, ನನಗೆ ಕನ್ನಡಕ ಸಾಕು, ಲೆನ್ಸ್ ಕೊಡಿಸಿ" ಎನ್ನುತ್ತಾಳೆ. ಹನಗೋಡಿನಂತಹ ಹೋಬಳಿಯ ಊರಿನಲ್ಲಿ ಈ ಮಾತು ಬಂದೊಡನೆ ತಂದೆ ವಿಚಾರಿಸುವುದು ಬೆಲೆಯನ್ನು. ತಾಯಿ ವಿಚಾರಿಸುವುದು ನೋವನ್ನು. ಅಜ್ಜಿಯಂತೂ ಕಣ್ಣಿನೊಳಗೆ ಗಾಜು ಇಡುವುದುಂಟೇ ಎಂದು ಬೆರಗಾಗುತ್ತಾರೆ.

ಈ ಮೂವರ ಪ್ರಶ್ನೆಗಳೂ ನ್ಯಾಯವಾದುವೇ. ಅವುಗಳಿಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ. ಮೊದಲೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಲೆನ್ಸಿನ ವಿಷಯದಲ್ಲಿ ಹಿತ ಬೇರೆ, ಮಿತವ್ಯಯ ಬೇರೆ ಅಲ್ಲ. ಕಣ್ಣಿಗೆ ಸರಿಯಾಗಿ ಅಳತೆಯಾದ, ಅವಧಿಗೆ ಸರಿಯಾಗಿ ಬದಲಾಯಿಸಲ್ಪಡುವ, ನೀರು ಸೋಕದಂತೆ ಕಾಪಾಡಲ್ಪಡುವ ಲೆನ್ಸೇ ಹಿತವಾದುದು. ಕೊನೆಯ ಲೆಕ್ಕದಲ್ಲಿ ಅದೇ ಅಗ್ಗವಾದುದೂ ಹೌದು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿಸಿದ ಹಣದ ಹತ್ತರಷ್ಟನ್ನು ಆಸ್ಪತ್ರೆಗೆ ತೆರಬೇಕಾದೀತು; ಹಣದಿಂದ ಬಾರದ ದೃಷ್ಟಿಯೂ ಹೋದೀತು.

ಯಾವ ಲೆನ್ಸಿನ ಮಾತು?

ನಮ್ಮ ಕಡೆ "ಲೆನ್ಸ್ ಹಾಕಿಸಿಕೊಂಡರು" ಎಂದರೆ ಸಾಮಾನ್ಯವಾಗಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು ಎಂದು ಅರ್ಥ. ಅದು ಬೇರೆ. ಪೊರೆ ಬಂದ ಮಸೂರವನ್ನು ತೆಗೆದು ಅದರ ಸ್ಥಾನದಲ್ಲಿ ವೈದ್ಯರು ಕಣ್ಣಿನ ಒಳಗೇ ಶಾಶ್ವತವಾಗಿ ಇರಿಸುವ ಆ ಲೆನ್ಸು, ೧೯೪೯ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರಿಂದ ಮೊದಲಾಯಿತು. ನಾವು ಇಲ್ಲಿ ಹೇಳುವ ಕಾಂಟ್ಯಾಕ್ಟ್ ಲೆನ್ಸಾದರೋ ಕಣ್ಣಿನ ಮೇಲೆ, ಕಣ್ಣೀರಿನ ತೆಳ್ಳನೆಯ ಪದರದಲ್ಲಿ ತೇಲುತ್ತ ನಿಲ್ಲುವಂಥದು. ಬೆಳಿಗ್ಗೆ ಧರಿಸಿ ಸಂಜೆ ನಾವೇ ತೆಗೆಯತಕ್ಕದ್ದು.

ಇದರ ಕಥೆ ಸ್ವಾರಸ್ಯವಾಗಿದೆ. ೧೮೮೮ರಲ್ಲಿ ಜ್ಯೂರಿಕ್ ನಗರದ ಅಡೋಲ್ಫ್ ಫಿಕ್ ಎಂಬ ವೈದ್ಯರು ಗಾಜಿನ ಚಿಪ್ಪುಗಳನ್ನು ಕಣ್ಣಿಗೆ ತೊಡಿಸಿದ ಪ್ರಯೋಗವನ್ನು ಪ್ರಕಟಿಸಿದರು. ಕಣ್ಣಿನ ಬಿಳಿಯ ಭಾಗವನ್ನೂ ಮುಚ್ಚುತ್ತಿದ್ದ ಆ ಚಿಪ್ಪುಗಳನ್ನು ಕೆಲವು ಗಂಟೆಗಳಿಗಿಂತ ಹೆಚ್ಚು ಕಾಲ ಸಹಿಸುವುದು ಕಷ್ಟವಾಗಿತ್ತು. ೧೯೪೮ರಲ್ಲಿ ಕ್ಯಾಲಿಫೋರ್ನಿಯದ ಕೆವಿನ್ ಟುವೋಹಿ ಎಂಬಾತನು ಕರಿಗುಡ್ಡೆಯನ್ನು ಮಾತ್ರ ಮುಚ್ಚುವ ಪ್ಲಾಸ್ಟಿಕ್ಕಿನ ಚಿಕ್ಕ ಲೆನ್ಸನ್ನು ಮಾಡಿದನು. ಮೃದುವಾದ ಲೆನ್ಸನ್ನು ಲೋಕಕ್ಕೆ ಕೊಟ್ಟವರು ಜೆಕೊಸ್ಲೊವಾಕಿಯದ ರಸಾಯನಶಾಸ್ತ್ರಜ್ಞರಾದ ಆಟ್ಟೊ ವಿಖ್ಟರ್ಲೆ. ಅವರು ೧೯೬೧ರ ಕ್ರಿಸ್‌ಮಸ್ಸಿನ ಸಮಯದಲ್ಲಿ ತಮ್ಮ ಮನೆಯಲ್ಲಿಯೇ, ಮಕ್ಕಳು ಆಡುವ ಲೋಹದ ಜೋಡಣೆಯ ಆಟಿಕೆಗಳಿಂದ ಒಂದು ತಿರುಗುಯಂತ್ರವನ್ನು ಕಟ್ಟಿ, ನೀರನ್ನು ಹೀರಿ ಮೆತ್ತಗಾಗುವ ಪದಾರ್ಥದ ಲೆನ್ಸುಗಳನ್ನು ಅದರಲ್ಲಿ ಎರಕ ಹೊಯ್ದರು. ಇಂದು ಅಂಗಡಿಗಳಲ್ಲಿ ಮಾರುವ ಮೃದು ಲೆನ್ಸುಗಳೆಲ್ಲ ಆ ಮನೆಯ ಮೇಜಿನ ಸಂತತಿಯೆನ್ನಬಹುದು. ಆದುದರಿಂದ ಅಜ್ಜಿಯವರು ನಿಶ್ಚಿಂತರಾಗಬಹುದು. ಈಗ ಕಣ್ಣಿಗೆ ಯಾರೂ ಗಾಜನ್ನು ಇಡುವುದಿಲ್ಲ. ಲೆನ್ಸು ಜಾರಿ ಕಣ್ಣಿನ ಹಿಂದಕ್ಕೆ ಹೋಗಿಬಿಡುವುದೆಂಬ ಭಯವೂ ಬೇಡ. ರೆಪ್ಪೆಯ ಒಳಪದರವು ಮಡಿಸಿ ಕಣ್ಣುಗುಡ್ಡೆಗೆ ಅಂಟಿಕೊಂಡಿರುವುದರಿಂದ ಹಿಂದಕ್ಕೆ ದಾರಿಯೇ ಇಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ?

ಬಹುಮಂದಿಗೆ ಒಳ್ಳೆಯ ಕನ್ನಡಕವೇ ಸಾಕು. ಕನ್ನಡಕದಷ್ಟು ಅಗ್ಗವಾದ, ಅಪಾಯವಿಲ್ಲದ ಉಪಾಯ ಮತ್ತೊಂದಿಲ್ಲ. ಆದರೆ ಕೆಲವರಿಗೆ ಲೆನ್ಸು ಅಲಂಕಾರವಲ್ಲ, ಅವಶ್ಯಕತೆ. ಒಂದು ಕಣ್ಣಿನ ನಂಬರಿಗೂ ಮತ್ತೊಂದರ ನಂಬರಿಗೂ ಬಹಳ ಅಂತರವಿದ್ದರೆ ಕನ್ನಡಕದಲ್ಲಿ ಎರಡು ಬಿಂಬಗಳೂ ಸಮನಾಗಿ ಕೂಡುವುದಿಲ್ಲ, ಲೆನ್ಸಿನಲ್ಲಿ ಕೂಡುತ್ತವೆ. ಹುಟ್ಟುಪೊರೆಯ ಶಸ್ತ್ರಚಿಕಿತ್ಸೆಯಾದ ಕೆಲವು ಶಿಶುಗಳಿಗೆ ವೈದ್ಯರೇ ಲೆನ್ಸನ್ನು ಗೊತ್ತುಮಾಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದುದು ಕೆರಟೋಕೋನಸ್ ಎಂಬ ವ್ಯಾಧಿ. ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಈ ರೋಗದಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ತೆಳ್ಳಗಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ವರ್ಷ ವರ್ಷಕ್ಕೆ, ಕೆಲವೊಮ್ಮೆ ತಿಂಗಳು ತಿಂಗಳಿಗೆ ನಂಬರು ಬದಲಾಗುತ್ತಿದ್ದು, ಹೊಸ ಕನ್ನಡಕದಲ್ಲಿಯೂ ಕರಿಹಲಗೆ ಸ್ಪಷ್ಟವಾಗಿ ಕಾಣದೆ, ಹುಡುಗನು ಸದಾ ಕಣ್ಣುಜ್ಜುತ್ತಿದ್ದರೆ ಅವನನ್ನು ಓದಿನಲ್ಲಿ ಮಂದನೆಂದು ಗದರಿಸದೆ ನೇತ್ರವೈದ್ಯರಿಗೆ ತೋರಿಸತಕ್ಕದ್ದು. ಕಣ್ಣುಜ್ಜುವುದರಿಂದ ಈ ರೋಗ ಹೆಚ್ಚುತ್ತದೆ. ಕನ್ನಡಕವು ಸೋತಲ್ಲಿ ಗಟ್ಟಿಯಾದ ಲೆನ್ಸು ಅವನಿಗೆ ದೃಷ್ಟಿಯನ್ನು ಕೊಡಬಲ್ಲದು.

ಇನ್ನು ಬೇಡದವರು: ಕಣ್ಣು ಸದಾ ಒಣಗಿ ಉರಿಯುವವರು, ರೆಪ್ಪೆಯ ಅಂಚಿನಲ್ಲಿ ಪದೇ ಪದೇ ಸೋಂಕಾಗುವವರು, ಕೈಯನ್ನು ಶುಚಿಯಾಗಿಡುವ ಅಭ್ಯಾಸ ಹತ್ತದ ಮಕ್ಕಳು, ಸಂಜೆಗೆ ತೆಗೆಯಲು ಸೋಮಾರಿತನ ಪಡುವವರು. ಲೆನ್ಸಿಗೆ ಇಷ್ಟೇ ವಯಸ್ಸೆಂಬ ಕಟ್ಟಿಲ್ಲ. ಜವಾಬ್ದಾರಿಯೇ ಅದರ ವಯಸ್ಸು.

ಅಳತೆಯೇ ಹಿತದ ಮೂಲ

ಕನ್ನಡಕದ ಚೀಟಿಯನ್ನು ಅಂಗಡಿಗೆ ಕಳುಹಿಸಿ ಲೆನ್ಸನ್ನು ತರಿಸುವುದು ಅನೇಕರ ಪದ್ಧತಿ. ಇದು ಮೊದಲನೆಯ ತಪ್ಪು. ಕನ್ನಡಕವು ಕಣ್ಣಿನಿಂದ ಸುಮಾರು ೧೨ ಮಿಲಿಮೀಟರು ದೂರದಲ್ಲಿ ನಿಲ್ಲುತ್ತದೆ. ಲೆನ್ಸು ಕಣ್ಣಿನ ಮೇಲೆಯೇ ನಿಲ್ಲುತ್ತದೆ. ಈ ಅಂತರದಿಂದ ನಂಬರು ಬದಲಾಗುತ್ತದೆ. ಕನ್ನಡಕದಲ್ಲಿ ಮೈನಸ್ ೬ ಇದ್ದವರಿಗೆ ಲೆನ್ಸಿನಲ್ಲಿ ಮೈನಸ್ ೫.೫ರ ಆಸುಪಾಸು ಸಾಕಾಗುತ್ತದೆ. ನಂಬರಿನ ಜೊತೆಗೆ ಎರಡು ಅಳತೆಗಳು ಬೇಕು. ಲೆನ್ಸಿನ ಒಳಬಾಗು ಒಂದು, ಅದರ ಅಗಲ ಮತ್ತೊಂದು. ಮೃದು ಲೆನ್ಸಿನ ಅಗಲ ಸಾಮಾನ್ಯವಾಗಿ ೧೪ ಮಿಲಿಮೀಟರಿನಷ್ಟು; ಒಳಬಾಗು ೮.೫ ಮಿಲಿಮೀಟರಿನ ಆಚೆ ಈಚೆ. ಕಾಲಿಗೆ ಬಿಗಿಯಾದ ಜೋಡು ಬೊಬ್ಬೆ ಎಬ್ಬಿಸಿದರೆ ಸಡಿಲವಾದುದು ಎಡವಿಸುತ್ತದೆ. ಲೆನ್ಸಿನದೂ ಇದೇ ನ್ಯಾಯ. ಬಿಗಿಯಾದ ಲೆನ್ಸು ಮೊದಲು ಹಿತವೆನಿಸಿ ಸಂಜೆಗೆ ಕಣ್ಣನ್ನು ಕೆಂಪಾಗಿಸುತ್ತದೆ. ಸಡಿಲವಾದುದು ರೆಪ್ಪೆ ಬಡಿದಾಗಲೆಲ್ಲ ಜಾರಿ ದೃಷ್ಟಿಯನ್ನು ಮಸುಕು ಮಾಡುತ್ತದೆ.

ಆದುದರಿಂದ ನೇತ್ರವೈದ್ಯರಲ್ಲಿಯೋ, ಆಪ್ಟೋಮೆಟ್ರಿಸ್ಟ್ ಎಂದು ಕರೆಯಲ್ಪಡುವ ತರಬೇತಿ ಪಡೆದ ದೃಷ್ಟಿಪರೀಕ್ಷಕರಲ್ಲಿಯೋ ಕುಳಿತು ಅಳತೆ ಮಾಡಿಸಿಕೊಳ್ಳತಕ್ಕದ್ದು. ಹುಣಸೂರಿನಿಂದ ಮೈಸೂರಿಗೆ ಸುಮಾರು ೪೫ ಕಿಲೋಮೀಟರು. ಆ ಒಂದು ದಿನದ ಬಸ್ಸಿನ ಖರ್ಚು ದಂಡವಲ್ಲ. ಖಾಸಗಿ ಚಿಕಿತ್ಸಾಲಯದ ವೆಚ್ಚಕ್ಕೆ ಹಿಂಜರಿಯುವವರು ಕಣ್ಣಿನ ಪರೀಕ್ಷೆಗಾಗಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯ ನೇತ್ರವಿಭಾಗಕ್ಕೆ ಹೋಗಬಹುದು. ಜಟಿಲವಾದ ರೋಗಗಳಿಗೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಿದೆ. ಇವೆರಡೂ ಸರಕಾರದ ಸಂಸ್ಥೆಗಳು. ಅಳತೆ ಮಾಡುವವರು ಪರೀಕ್ಷೆಯ ಲೆನ್ಸನ್ನು ತೊಡಿಸಿ, ಅರ್ಧ ಗಂಟೆಯಾದರೂ ಕೂರಿಸಿ, ದೀಪದ ಯಂತ್ರದಲ್ಲಿ ಮತ್ತೆ ನೋಡಬೇಕು. ಸರಿಯಾಗಿ ಕೂತ ಮೃದು ಲೆನ್ಸು ಸ್ವಲ್ಪ ಹೊತ್ತಿನ ಮೇಲೆ ಇದ್ದದ್ದೇ ತಿಳಿಯದು. ಚುಚ್ಚುತ್ತಿದ್ದರೆ "ನಾಲ್ಕು ದಿನದಲ್ಲಿ ಸರಿಹೋಗುತ್ತದೆ" ಎಂಬ ಮಾತಿಗೆ ಒಪ್ಪಬೇಡಿರಿ. ಹಾಕುವುದನ್ನೂ ತೆಗೆಯುವುದನ್ನೂ ಕನ್ನಡಿಯ ಮುಂದೆ ನಿಮ್ಮ ಮಗಳೇ ಮಾಡಿ ತೋರಿಸುವವರೆಗೆ ಅಲ್ಲಿಂದ ಏಳಬೇಡಿರಿ.

ಲೆನ್ಸಿನ ಬಗೆಗಳು

ಮೃದು ಲೆನ್ಸು ಮತ್ತು ಗಟ್ಟಿ ಲೆನ್ಸು ಎಂದು ಎರಡು ಜಾತಿ. ಮೃದು ಲೆನ್ಸು ಮೊದಲ ದಿನದಿಂದಲೇ ಹಿತ. ಗಟ್ಟಿ ಲೆನ್ಸು ರೂಢಿಯಾಗಲು ಒಂದೆರಡು ವಾರ ಬೇಕು. ಆದರೆ ದೃಷ್ಟಿ ಬಹು ಸ್ಪಷ್ಟ, ಬಾಳಿಕೆಯೂ ಹೆಚ್ಚು. ಧೂಳಿನ ಒಂದು ಕಣ ಅದರ ಅಡಿಗೆ ಸೇರಿದರೆ ಮಾತ್ರ ಪ್ರಾಣಸಂಕಟ.

ಮೃದು ಲೆನ್ಸುಗಳಲ್ಲಿ ಅವಧಿಯಿಂದ ಭೇದ: ಒಂದೇ ದಿನ ಧರಿಸಿ ಎಸೆಯುವಂಥದು, ಹದಿನೈದು ದಿನದ್ದು, ತಿಂಗಳಿನದು, ವರ್ಷದ್ದು. ಪದಾರ್ಥದಿಂದಲೂ ಭೇದವುಂಟು. ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಅದು ತನಗೆ ಬೇಕಾದ ಆಮ್ಲಜನಕವನ್ನು ಬಹುಪಾಲು ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಲೆನ್ಸು ಗಾಳಿಯನ್ನು ತಡೆದರೆ ಅದು ಉಸಿರುಕಟ್ಟಿದಂತಾಗಿ ಅಂಚಿನಿಂದ ರಕ್ತನಾಳಗಳು ಒಳನುಗ್ಗುತ್ತವೆ. ಸಿಲಿಕೋನ್ ಹೈಡ್ರೋಜೆಲ್ ಎಂಬ ಪದಾರ್ಥದ ಲೆನ್ಸು ಹಳೆಯ ಮೃದು ಲೆನ್ಸಿಗಿಂತ ಹೆಚ್ಚು ಆಮ್ಲಜನಕವನ್ನು ಬಿಡುತ್ತದೆ. ದಿನಕ್ಕೆ ಎಂಟು ಹತ್ತು ಗಂಟೆ ಧರಿಸುವವರು ಇದನ್ನು ಕೇಳಿ ಪಡೆಯುವುದು ಲೇಸು. ನೀರಿನ ಅಂಶ ಹೆಚ್ಚಿದ್ದಷ್ಟೂ ಲೆನ್ಸು ಉತ್ತಮವೆಂದು ಕೆಲವರು ನಂಬಿದ್ದಾರೆ. ಒಣಗಾಳಿಯಲ್ಲಿ ಅಂತಹ ಲೆನ್ಸೇ ಬೇಗ ಒಣಗುವುದುಂಟು.

ಚೀಟಿಯಲ್ಲಿ ಸಿಲಿಂಡರ್, ಆಕ್ಸಿಸ್ ಎಂಬ ಅಂಕಿಗಳಿದ್ದರೆ ಟೋರಿಕ್ ಎಂಬ ವಿಶೇಷ ಲೆನ್ಸು ಬೇಕಾಗಬಹುದು. ಅದರ ಬೆಲೆ ಹೆಚ್ಚು. ಚಾಳೀಸಿನವರಿಗೆ ದೂರಕ್ಕೂ ಹತ್ತಿರಕ್ಕೂ ಆಗುವ ಲೆನ್ಸುಗಳಿದ್ದರೂ, ದೂರದ ಲೆನ್ಸು ಧರಿಸಿ ಓದಲು ಮಾತ್ರ ಚಿಕ್ಕ ಕನ್ನಡಕವಿಟ್ಟುಕೊಳ್ಳುವುದು ಅಗ್ಗದ ದಾರಿ.

ವರ್ಷದ ಲೆಕ್ಕ

ಲೆನ್ಸಿನ ಬೆಲೆಯನ್ನು ಡಬ್ಬಿಯ ಮೇಲೆ ಓದಿ ಅಳೆಯಬಾರದು; ವರ್ಷದ ಮೇಲೆ ಅಳೆಯಬೇಕು. ಒಂದು ವರ್ಷದ ಲೆನ್ಸುಗಳು, ತೊಳೆಯುವ ದ್ರಾವಣ, ಇಡುವ ಕರಡಿಗೆ, ವೈದ್ಯರ ಪರೀಕ್ಷೆ, ಇವೆಲ್ಲವನ್ನೂ ಕೂಡಿಸಿ, ವರ್ಷದಲ್ಲಿ ಎಷ್ಟು ದಿನ ಧರಿಸುವಿರೋ ಅದರಿಂದ ಭಾಗಿಸಿದರೆ ಒಂದು ದಿನದ ನಿಜವಾದ ಖರ್ಚು ಬರುತ್ತದೆ.

ಉದಾಹರಣೆಗೆ, ನಿತ್ಯವೂ ಕಾಲೇಜಿಗೆ ಧರಿಸುವ ಹುಡುಗಿಗೆ ತಿಂಗಳಿನ ಲೆನ್ಸು ವರ್ಷಕ್ಕೆ ೧೨ ಜೊತೆ ಬೇಕು. ೬ ಲೆನ್ಸಿನ ಡಬ್ಬಿಯಾದರೆ ೪ ಡಬ್ಬಿ. ದ್ರಾವಣದ ಶೀಸೆಯನ್ನು ತೆರೆದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹೆಚ್ಚು ಇಡಕೂಡದಾದುದರಿಂದ ೪ ಶೀಸೆಯಾದರೂ ಬೇಕು. ಆಕೆಯೇ ದಿನಬಳಕೆಯ ಲೆನ್ಸನ್ನು ವರ್ಷವೆಲ್ಲ ಧರಿಸುವುದಾದರೆ ೭೩೦ ಲೆನ್ಸುಗಳು ಬೇಕಾಗಿ ಸಂಸಾರಕ್ಕೆ ಭಾರವಾದೀತು. ಆದರೆ ವಾರಕ್ಕೆ ಎರಡೇ ದಿನ, ಮದುವೆ ಮುಂಜಿಗೋ ಆಟೋಟಕ್ಕೋ ಧರಿಸುವವರ ಲೆಕ್ಕ ತಿರುಗುಮುರುಗಾಗುತ್ತದೆ. ಅವರಿಗೆ ವರ್ಷಕ್ಕೆ ೧೦೪ ದಿನ, ೨೦೮ ಲೆನ್ಸು. ಎರಡು ಕಣ್ಣಿನ ನಂಬರೂ ಒಂದೇ ಆಗಿದ್ದರೆ ೩೦ ಲೆನ್ಸಿನ ೭ ಡಬ್ಬಿ ಸಾಕು. ದ್ರಾವಣವೂ ಕರಡಿಗೆಯೂ ಬೇಡ. ತಿಂಗಳಿನ ಲೆನ್ಸಾದರೆ ಎಂಟು ದಿನ ಧರಿಸಿದರೂ ತಿಂಗಳು ಮುಗಿದೊಡನೆ ಎಸೆಯಲೇಬೇಕು. ತೆರೆದ ದಿನದಿಂದ ಲೆಕ್ಕವೇ ಹೊರತು ಧರಿಸಿದ ದಿನಗಳ ಲೆಕ್ಕವಲ್ಲ.

ಮೇಲುನೋಟಕ್ಕೆ ಎಲ್ಲಕ್ಕಿಂತ ಅಗ್ಗ ವರ್ಷದ ಲೆನ್ಸು. ಅದನ್ನು ಶ್ರದ್ಧೆಯಿಂದ ತೊಳೆಯುವವರಿಗೆ ಅದು ಸಲ್ಲುತ್ತದೆ; ಆದರೂ ತಿಂಗಳುಗಳು ಕಳೆದಂತೆ ಕಣ್ಣೀರಿನ ಕೊಳೆ ಅದರ ಮೇಲೆ ಕೂರುತ್ತದೆ. ತಿಂಗಳಿನ ಲೆನ್ಸನ್ನು ಮೂರು ತಿಂಗಳು ಎಳೆಯುವುದಂತೂ ಉಳಿತಾಯವಲ್ಲ. ನಿಜವಾದ ಉಳಿತಾಯ ಬೇಕಾದರೆ ಮನೆಯಲ್ಲಿದ್ದಾಗ ಕನ್ನಡಕವನ್ನು ಧರಿಸಿರಿ. ಲೆನ್ಸುಳ್ಳವರ ಮನೆಯಲ್ಲಿಯೂ ಸರಿಯಾದ ನಂಬರಿನ ಒಂದು ಕನ್ನಡಕ ಇರಲೇಬೇಕು.

ನಮ್ಮ ಸೀಮೆಯ ವಿಶೇಷ ಎಚ್ಚರಿಕೆಗಳು

ಪಟ್ಟಣದವರಿಗೆ ಬರೆದ ಸೂಚನೆಗಳಲ್ಲಿ ನಮ್ಮ ಸೀಮೆಯ ಜೀವನ ಸೇರಿರುವುದಿಲ್ಲ. ಹನಗೋಡಿನ ಸುತ್ತಮುತ್ತ ಹೊಗೆಸೊಪ್ಪಿನ ಬೇಸಾಯ ಬಹಳ. ಸೊಪ್ಪು ಮುರಿದು ಕಡ್ಡಿಗೆ ಕಟ್ಟುವವರ ಕೈಗೆ ಕಪ್ಪಾದ ಅಂಟು ಹತ್ತುತ್ತದೆ. ಅದರಲ್ಲಿ ನಿಕೋಟಿನ್ ಇರುವುದರಿಂದಲೇ ಕೆಲವರಿಗೆ ತಲೆಸುತ್ತು, ವಾಂತಿ ಬರುವುದು. ಆ ಕೈಯಿಂದ ಲೆನ್ಸನ್ನು ಮುಟ್ಟಿದರೆ ಅಂಟು ಲೆನ್ಸಿಗೆ ಹತ್ತಿ ಕಣ್ಣಿಗೇ ಸೇರುತ್ತದೆ. ಮೆಣಸಿನಕಾಯಿ ಹೆಚ್ಚಿದ ಕೈಗೂ, ಔಷಧಿ ಸಿಂಪಡಿಸಿದ ಕೈಗೂ ಇದೇ ಮಾತು. ಬ್ಯಾರನ್ನಿನಲ್ಲಿ ಸೌದೆ ಉರಿಸಿ ಸೊಪ್ಪನ್ನು ಹದಮಾಡುವ ತಿಂಗಳುಗಳಲ್ಲಿ ಹೊಗೆಯೂ ಒಣ ಬಿಸಿಯೂ ಸೇರಿ ಲೆನ್ಸನ್ನು ಒಣಗಿಸುತ್ತವೆ. ಬೆಂಕಿಯ ಮುಂದೆ ಲೆನ್ಸು ಕರಗಿ ಕಣ್ಣಿಗೆ ಅಂಟುತ್ತದೆಂಬುದು ಕಟ್ಟುಕತೆ. ಒಣಗಿದ ಲೆನ್ಸು ಕಣ್ಣನ್ನು ಉಜ್ಜಿ ಗಾಯಮಾಡುವುದು ಮಾತ್ರ ನಿಜ. ಬ್ಯಾರನ್ನಿನ ಕೆಲಸಕ್ಕೆ, ಭತ್ತದ ಒಕ್ಕಣೆಗೆ, ಕಬ್ಬಿನ ಗದ್ದೆಗೆ ಕನ್ನಡಕವೇ ಯೋಗ್ಯ. ಭತ್ತದ ಹೊಟ್ಟು, ಕಬ್ಬಿನ ಗರಿ ತಗುಲಿದ ಗೀರಿನಿಂದ ಕಾರ್ನಿಯಾಕ್ಕೆ ಬೂಷ್ಟಿನ ಹುಣ್ಣಾಗುವುದು ದಕ್ಷಿಣ ಭಾರತದ ಹಳ್ಳಿಗಳಲ್ಲಿ ಸಾಮಾನ್ಯವಾದ ವಿಪತ್ತು.

ಎರಡನೆಯದು ನೀರು. ಲಕ್ಷ್ಮಣತೀರ್ಥದ ನೀರು ಪವಿತ್ರವಾದುದೇ ಇರಬಹುದು, ಮನೆಯ ಬೋರಿನ ನೀರು ತಿಳಿಯಾಗಿಯೇ ಇರಬಹುದು. ಲೆನ್ಸಿಗೆ ಮಾತ್ರ ಎರಡೂ ಶತ್ರುಗಳು. ಹೊಳೆ, ಕೆರೆ, ಬಾವಿ, ನಲ್ಲಿ, ಎಲ್ಲ ನೀರಿನಲ್ಲಿಯೂ ಅಕಾಂತಮೀಬ ಎಂಬ ಸೂಕ್ಷ್ಮಜೀವಿ ಇರಬಹುದು. ಲೆನ್ಸಿನ ಮೂಲಕ ಅದು ಕಾರ್ನಿಯಾವನ್ನು ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ಎಷ್ಟೋ ವೇಳೆ ದೃಷ್ಟಿ ಉಳಿಯುವುದಿಲ್ಲ. ಕುದಿಸಿ ಆರಿಸಿದ ನೀರಾದರೂ, ಮನೆಯಲ್ಲಿ ಮಾಡಿದ ಉಪ್ಪುನೀರಾದರೂ, ನಾಲಗೆಯ ಎಂಜಲಾದರೂ ಲೆನ್ಸಿಗೆ ಸೋಕಕೂಡದು. ಹನಗೋಡಿನ ಅಣೆಕಟ್ಟೆಯಲ್ಲಿ ಈಜುವ ಹುಡುಗರು ಲೆನ್ಸನ್ನು ತೆಗೆದಿಟ್ಟೇ ನೀರಿಗಿಳಿಯಬೇಕು. ಸ್ನಾನಕ್ಕೂ ಇದೇ ನಿಯಮ.

ದಿನಚರಿ

ಸೋಪಿನಿಂದ ಕೈತೊಳೆದು ನೂಲು ಬಿಡದ ಶುಭ್ರವಸ್ತ್ರದಲ್ಲಿ ಪೂರ್ತಿಯಾಗಿ ಒರಸಿಕೊಳ್ಳಿರಿ. ಯಾವಾಗಲೂ ಬಲಗಣ್ಣಿನಿಂದಲೇ ಪ್ರಾರಂಭಿಸಿದರೆ ಎಡಬಲ ತಪ್ಪುವುದಿಲ್ಲ. ಮೊದಲು ಲೆನ್ಸು, ಆಮೇಲೆ ಪೌಡರು ಮುಂತಾದ ಅಲಂಕಾರ; ಸಂಜೆ ಮೊದಲು ಲೆನ್ಸನ್ನು ತೆಗೆದು ಆಮೇಲೆ ಮುಖ ತೊಳೆಯುವುದು. ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ತೀಡಬಾರದು. ತೆಗೆದ ಲೆನ್ಸನ್ನು ಅಂಗೈಯಲ್ಲಿಟ್ಟು, ದ್ರಾವಣ ಹಾಕಿ, ಬೆರಳಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ದ್ರಾವಣದಿಂದಲೇ ತೊಳೆದು ಇಡಿರಿ. ನಿನ್ನೆಯ ದ್ರಾವಣದ ಮೇಲೆ ಇಂದಿನದನ್ನು ಸುರಿಯಬೇಡಿರಿ. ಪೂರ್ತಿ ಚೆಲ್ಲಿ ಹೊಸದನ್ನು ತುಂಬಿರಿ. ಕರಡಿಗೆಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಾಯಿಸಿರಿ.

ಲೆನ್ಸು ಧರಿಸಿ ನಿದ್ರೆ ಮಾಡಬಾರದು. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ನಡೆದು ೧೯೮೯ರಲ್ಲಿ ಪ್ರಕಟವಾದ ಗಣನೆಯಂತೆ, ಹಗಲು ಮಾತ್ರ ಮೃದು ಲೆನ್ಸು ಧರಿಸುವ ಹತ್ತು ಸಾವಿರ ಮಂದಿಯಲ್ಲಿ ವರ್ಷಕ್ಕೆ ಸುಮಾರು ೪ ಮಂದಿಗೆ ಕಾರ್ನಿಯಾದ ಹುಣ್ಣಾದರೆ, ನಿದ್ರೆಯಲ್ಲಿಯೂ ಧರಿಸುವ ಬಗೆಯ ಲೆನ್ಸಿನವರಲ್ಲಿ ಸುಮಾರು ೨೧ ಮಂದಿಗೆ ಆಯಿತು. ಅಂದರೆ ಅಪಾಯ ಐದು ಪಾಲು. ಮೈಸೂರಿನಿಂದ ಬರುವ ಸಂಜೆಯ ಬಸ್ಸಿನಲ್ಲಿ ತೂಕಡಿಸುವವರು ಇದನ್ನು ನೆನಪಿಡಬೇಕು.

ಮದುವೆಯ ದಿನಕ್ಕೆಂದು ಬಣ್ಣದ ಲೆನ್ಸನ್ನು ಅಕ್ಕತಂಗಿಯರು ಹಂಚಿಕೊಳ್ಳುವುದು ಈಗ ಕಂಡುಬರುತ್ತಿದೆ. ಒಬ್ಬರ ಲೆನ್ಸು ಮತ್ತೊಬ್ಬರಿಗೆ ಎಂದಿಗೂ ಕೂಡದು. ನಂಬರಿಲ್ಲದ ಬಣ್ಣದ ಲೆನ್ಸಿಗೂ ಕಣ್ಣಿನ ಅಳತೆ ಬೇಕೇ ಬೇಕು.

ಕಣ್ಣು ಕೆಂಪಾದರೆ

ಲೆನ್ಸು ಧರಿಸುವವರ ಕಣ್ಣು ಕೆಂಪಾಗಿ, ನೋವಾಗಿ, ಬೆಳಕನ್ನು ಸಹಿಸದೆ, ದೃಷ್ಟಿ ಮಸುಕಾದರೆ ಅದನ್ನು ಸಾಮಾನ್ಯ ಕಣ್ಣುಬೇನೆಯೆಂದು ತಿಳಿಯಬಾರದು. ಲೆನ್ಸನ್ನು ಆ ಕ್ಷಣವೇ ತೆಗೆದು, ಎಸೆಯದೆ, ಕರಡಿಗೆಯ ಸಮೇತ ಅಂದೇ ನೇತ್ರವೈದ್ಯರಲ್ಲಿಗೆ ಒಯ್ಯಿರಿ; ಯಾವ ಕ್ರಿಮಿಯೆಂದು ಕಂಡುಹಿಡಿಯಲು ಅವರಿಗೆ ಅದು ಬೇಕಾಗಬಹುದು. ಹರಳೆಣ್ಣೆ, ಜೇನುತುಪ್ಪ, ಮೊಲೆಹಾಲು, ಸೊಪ್ಪಿನ ರಸ ಇವನ್ನು ಬಿಡಬೇಡಿರಿ. ಔಷಧದ ಅಂಗಡಿಯಲ್ಲಿ ಕೇಳಿ ತಂದ ತೊಟ್ಟುಗಳನ್ನೂ ಬಿಡಬೇಡಿರಿ. ಅವುಗಳಲ್ಲಿ ಸ್ಟೀರಾಯಿಡ್ ಇದ್ದರೆ ಕೆಂಪು ಇಳಿದಂತೆ ತೋರಿ ಒಳಗೆ ಹುಣ್ಣು ಬೆಳೆಯುತ್ತದೆ. ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಹುಣ್ಣು ಅದನ್ನು ಕೊರೆಯಲು ಬಹಳ ದಿನ ಬೇಕಿಲ್ಲ. ವಾಸಿಯಾದರೂ ಬಿಳಿಯ ಕಲೆ ಉಳಿದು ನೋಟಕ್ಕೆ ಅಡ್ಡವಾಗುತ್ತದೆ.

ಕೊಳ್ಳುವಾಗ ಕೇಳಬೇಕಾದುದು

ಅಂಗಡಿಯಲ್ಲಿ ಈ ಐದು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಪದಾರ್ಥ ಯಾವುದು? ತೆರೆದ ಮೇಲೆ ಎಷ್ಟು ದಿನ? ಡಬ್ಬಿಯ ಮೇಲಿನ ನಂಬರು, ಒಳಬಾಗು, ಅಗಲ ಚೀಟಿಯೊಡನೆ ಹೊಂದುತ್ತವೆಯೇ? ಕಡೆಯ ದಿನಾಂಕ ಯಾವುದು, ಮುದ್ರೆ ಭದ್ರವಾಗಿದೆಯೇ? ಮರುಪರೀಕ್ಷೆಗೆ ಯಾವಾಗ ಬರಬೇಕು? ಇವುಗಳಿಗೆ ನೇರವಾದ ಉತ್ತರ ಕೊಡುವ ಅಂಗಡಿಯಲ್ಲಿ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಉತ್ತರ ಕೊಡಲು ಬೇಸರಪಡುವ ಅಂಗಡಿಯಲ್ಲಿ ರಿಯಾಯಿತಿ ಎಷ್ಟಿದ್ದರೂ ಕೊಳ್ಳಬೇಡಿರಿ.

ಮಗಳು ಲೆನ್ಸು ಕೇಳಿದರೆ ಗದರಿಸಬೇಕಾಗಿಲ್ಲ. ಕೇಳಿದೊಡನೆ ಕೊಡಿಸಲೂ ಬೇಕಾಗಿಲ್ಲ. ಮೇಲಿನ ವರ್ಷದ ಲೆಕ್ಕವನ್ನು ಆಕೆಯ ಕೈಯಲ್ಲೇ ಬರೆಯಿಸಿರಿ. ಒಂದು ತಿಂಗಳು ತನ್ನ ಕನ್ನಡಕವನ್ನು ಪ್ರತಿ ರಾತ್ರಿ ತಪ್ಪದೆ ಒರಸಿ ಅದರ ಪೆಟ್ಟಿಗೆಯಲ್ಲಿಡುತ್ತಾಳೆಯೇ ನೋಡಿರಿ. ಆಕೆ ಅದನ್ನು ಮಾಡಿದರೆ ಮೈಸೂರಿನ ಬಸ್ಸು ಹತ್ತಬಹುದು.